ಆಣೆಗೆ ಬಾರದ ಕೈ

“ಕೈ ತೆಗಿ ಬೇ ಮುಂಡಿ! ತೆಗಿ ಅಂದ್ನೆಲ್ಲ! ಗಂಡನ್ನ ನುಂಗಿದ ಕೈಲೆ ಬೀರಪ್ಪನ ಭಂಡಾರ ಮುಟ್ಟಾಕ ಬಂದಾಳ, ಹಡಸು!”

ಪೂಜಾರಿ ಕಾಡಸಿದ್ದ ಬರೀ ಬೈದು ಸುಮ್ಮನಾಗಲಿಲ್ಲ, ಕೈಯಲ್ಲಿದ್ದ ಬೆತ್ತವನ್ನು ಬೀಸಿಯೇಬಿಟ್ಟ. ಅದು ಹೊಳೆವ್ವನ ಮಣಿಕಟ್ಟಿನ ಮೇಲೆ ಬಿತ್ತು. ಭಂಡಾರವೆನ್ನುವ ಆ ದೇವರ ಅರಿಷಿಣದ ಪುಡಿ ತುಂಬಿದ ತಟ್ಟೆಯ ತನಕ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಇಡೀ ಹಟ್ಟಿ ನೋಡುತ್ತ ನಿಂತಿತ್ತು.

“ಮನಿಗೊಂದ ಕೈ ಅಂದ್ರೆಲ್ಲ ಮಾಮಾ,” ಎಂದಳು. “ನಮ್ಮ ಮನ್ಯಾಗ ಇರಾಕಿ ನಾನೊಬ್ಬಾಕಿ. ಕಲ್ಲ ಹೊರುವಾಗ ಇದ ಕೈ ನಡೀತು.”

“ಕಲ್ಲ ಬ್ಯಾರೆ, ದೇವ್ರ ಬ್ಯಾರೆ! ಸರಿ ಆ ಕಡೆ!”

ಕುರ್ಚಿಯ ಮೇಲೆ ಕೂತು ಆಳಿನಿಂದ ಕೊಡೆ ಹಿಡಿಸಿಕೊಂಡಿದ್ದ ಸಾವುಕಾರ ವಿರುಪಾಕ್ಷಪ್ಪ ಬಾಯೊಳಗಿನ ಎಲೆಯಡಿಕೆ ಉಗುಳಿ ನಕ್ಕ. “ಬಿಡೋ ಕಾಡಸಿದ್ಯಾ, ಯಾಕ ಹೊಡೀತಿ ಪಾಪ! ಆಕಿ ಮನಿ ಈ ಹಟ್ಟ್ಯಾಗ ಇಲ್ಲಂತ ತಿಳಕೊಂಡ್ರ ಆತು. ಇಲ್ಲದ ಮನೀದು ಆಣಿ ಯಾತಕ್ಕ? ಮುಂದಿನಾಂವನ್ನ ಕರಿ.”

ಜನ ನಕ್ಕರು. ನಗದಿದ್ದರೆ ಸಾವುಕಾರನ ಕಣ್ಣಿಗೆ ಬಿದ್ದೇವೆಂದು ನಕ್ಕವರೂ ಅದರಲ್ಲಿದ್ದರು. ಹೊಳೆವ್ವನ ಮೈದುನ ಮಲಕಾರಿ ನಗಲಿಲ್ಲ. ಆದರೆ ತನ್ನ ಸರದಿ ಬಂದಾಗ ಮುಂದೆ ಹೋಗಿ, ಭಂಡಾರದಲ್ಲಿ ಅಂಗೈ ಊರಿ, ಎಲ್ಲರ ಹಾಗೆ ತಾನೂ ಒದರಿದ:

“ಈ ಒಡ್ಡಿನ ಒಂದ ಕಲ್ಲೂ ನನ್ನ ಕೈಲೆ ಅಳ್ಳಾಡಂಗಿಲ್ಲ. ಅಳ್ಳಾಡಿಸಿದ್ರ ನನ್ನ ಕುರಿ ಸಾಯಲಿ, ನನ್ನ ವಂಶ ಹಾಳಾಗ್ಲಿ.”

ಈ ಮಾತು ಎಷ್ಟು ಗಟ್ಟಿ ಎಂಬುದನ್ನು ಹೇಳಲೇಬೇಕು. ಕುರುಬರ ಆ ಹಟ್ಟಿಯಲ್ಲಿ ಕಚೇರಿಗೆ ಹೋಗಿ ಸುಳ್ಳು ಹೇಳಿದವರು ಇದ್ದಾರೆ, ಕಟ್ಟಿಕೊಂಡವಳಿಗೆ ಸುಳ್ಳು ಹೇಳಿದವರಂತೂ ಬೇಕಾದಷ್ಟು. ಭಂಡಾರ ಮುಟ್ಟಿ ಆಡಿದ ಮಾತನ್ನು ಮುರಿದವನು ಒಬ್ಬನೂ ಇರಲಿಲ್ಲ. ಅದು ಸಾವುಕಾರನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಒಡ್ಡಿಗೆ ಕಾವಲುಗಾರನನ್ನು ಇಡಲಿಲ್ಲ, ದೇವರನ್ನೇ ಇಟ್ಟ.

*

ಹಾಲಹಳ್ಳ ದೊಡ್ಡ ಹಳ್ಳವೇನಲ್ಲ. ಮರಡಿಯ ಮೇಲಿನಿಂದ ಇಳಿದು, ವಿರುಪಾಕ್ಷಪ್ಪನ ದ್ರಾಕ್ಷಿ ತೋಟದ ಬದಿಯನ್ನು ಹಾದು, ಹಟ್ಟಿಯ ಮುಂದೆ ಹರಿದು, ಜುಗೂಳದ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಉಸುಕಿನಲ್ಲಿ ವರತೆ ತೋಡಿದರೆ ಮನುಷ್ಯರ ಬಾಯಾರಿಕೆ ಕಳೆಯುವಷ್ಟು ನೀರು. ಕುರಿಗಳಿಗೂ ಅದೇ, ಹೆಂಗಸರು ಬಟ್ಟೆ ಒಗೆಯುವುದಕ್ಕೂ ಅದೇ, ಕತ್ತರಿಸುವ ಮೊದಲು ಉಣ್ಣೆ ತೊಳೆಯುವುದಕ್ಕೂ ಅದೇ.

ತೊಂಬತ್ತೊಂದರ ಬೇಸಿಗೆಯಲ್ಲಿ ಸಾವುಕಾರ ‘ಹಾಲಹಳ್ಳ ಶುದ್ಧ ಜಲ ಮಂಡಳ’ ಎಂದು ಒಂದನ್ನು ಹುಟ್ಟಿಸಿದ. ಅಧ್ಯಕ್ಷ ತಾನೇ. ಜೀಪಿನಲ್ಲಿ ಒಬ್ಬ ಸಾಹೇಬ ಬಂದು ಮೈಕಿನ ಮುಂದೆ ನಿಂತು, ಮಣ್ಣು ಕೊಚ್ಚಿ ಹೋಗುತ್ತಿದೆ, ನೀರು ಹೊಲಸಾಗುತ್ತಿದೆ, ಎಲ್ಲವನ್ನೂ ಸರಕಾರವೇ ಮಾಡಲಾಗುವುದಿಲ್ಲ, ಹಳ್ಳವನ್ನು ನೀವೇ ಸ್ವಯಂಪ್ರೇರಣೆಯಿಂದ ಕಾಪಾಡಬೇಕು ಎಂದು ಭಾಷಣ ಮಾಡಿದ. ಸ್ವಯಂಪ್ರೇರಣೆ ಅಂದರೇನು ಎಂದು ಹಟ್ಟಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಮರುದಿನ ತಿಳಿಯಿತು. ಸಾವುಕಾರನ ಆಳು ಬೆಳಿಗ್ಗೆಯೇ ಬಂದು, “ಯಾರು ಕಲ್ಲ ಹೊರಾಕ ಬರೂದಿಲ್ಲೋ ಅವರ ಕುರಿ ಸಾವ್ಕಾರ್ರ ಹೊಲದಾಗ ಕಾಲಿಡಂಗಿಲ್ಲ ನೋಡ್ರಿ” ಎಂದು ಸಾರಿ ಹೋದ. ಕಬ್ಬು ಕಡಿದ ಮೇಲೆ ಉಳಿಯುವ ವಾಡಿ, ಜೋಳ ಕೊಯ್ದ ಮೇಲಿನ ಕೂಳೆ, ಇದಿಷ್ಟೇ ಆ ಕುರಿಗಳ ಅನ್ನ. ಹಟ್ಟಿಯ ಎಲ್ಲರಿಗೂ ಒಮ್ಮೆಲೇ ಪ್ರೇರಣೆ ಬಂತು.

ಮರಡಿಯಿಂದ ಕಲ್ಲು ಹೊತ್ತರು. ಹೆಂಗಸರು ಸಿಂಬಿ ಇಟ್ಟು ತಲೆಯ ಮೇಲೆ, ಗಂಡಸರು ಹೆಗಲ ಮೇಲೆ. ತೋಟದ ಕೆಳಗೆ, ಹಟ್ಟಿಯ ಮುಂದೆ, ಹಳ್ಳಕ್ಕೆ ಅಡ್ಡ ಒಡ್ಡು ಎದ್ದಿತು. ದಂಡೆಗಳು ಕೊರೆಯದಂತೆ ಎರಡೂ ಕಡೆ ಲಾವಂಚದ ಬುಡ ನೆಟ್ಟರು. ಆಮೇಲೆ ಮಂಡಳದ ಕಟ್ಟಳೆಗಳು ಬಂದವು. ದಂಡೆಯ ಹುಲ್ಲಿಗೆ ಕುರಿ ಹಾಯಬಾರದು. ಹಳ್ಳದಲ್ಲಿ ಬಟ್ಟೆ ಒಗೆಯಬಾರದು. ಉಣ್ಣೆ ತೊಳೆಯಬಾರದು. ಒಡ್ಡಿನ ಮಗ್ಗುಲಿಗೆ ಗುರುತು ಮಾಡಿದ ಒಂದೇ ಕಡೆ ಕುರಿಗಳು ನೀರು ಕುಡಿಯಬೇಕು. ಇವೆಲ್ಲದರ ಮೇಲೆ ಭಂಡಾರದ ಆ ಆಣೆ.

ಸುಳ್ಳು ಹೇಳಬಾರದು, ಮೊದಲ ಮಳೆಗೆ ಒಡ್ಡು ತುಂಬಿ ನೀರು ನಿಂತಾಗ ಹಟ್ಟಿಗೆ ಖುಷಿಯಾಗಿತ್ತು. ಕೆಂಪು ನೀರು ತಿಳಿಯಾಯಿತು, ತಳದ ಹರಳು ಕಾಣತೊಡಗಿದವು. “ನಮ್ಮ ಕೈಲೆ ಕಟ್ಟೇವಿ” ಎಂದು ಮಲಕಾರಿ ಬಂದ ಬೀಗರನ್ನೆಲ್ಲ ಕರೆದೊಯ್ದು ತೋರಿಸಿದ. ಹೊಳೆವ್ವನೂ ಅಷ್ಟೇ. ತನ್ನ ಕೈ ಆಣೆಗೆ ಬಾರದ್ದಾದರೂ ಒಡ್ಡಿನಲ್ಲಿ ತಾನು ಹೊತ್ತ ಕಲ್ಲು ಯಾವುದೆಂದು ಅವಳಿಗೆ ಗೊತ್ತಿತ್ತು. ನೀರಿಗೆ ಹೋದಾಗ ಅದರ ಮೇಲೆಯೇ ಕಾಲಿಡುತ್ತಿದ್ದಳು. ಸಾವುಕಾರನ ತೋಟದ ಬಾವಿಯಲ್ಲಿ ನೀರು ಆಳೆತ್ತರ ಏರಿದ ಸುದ್ದಿಯೂ ಬಂತು. ಏರಲಿ ಬಿಡು, ಎಂದುಕೊಂಡರು.

*

ದಸರೆ ಮುಗಿದು ದ್ರಾಕ್ಷಿಗೆ ಚಾಟಣಿಯಾಯಿತು, ಹಳೆಯ ಕಡ್ಡಿಯನ್ನೆಲ್ಲ ಕತ್ತರಿಸಿದರು. ಕತ್ತರಿಸಿದ ಬಳ್ಳಿ ಚಿಗುರೊಡೆದದ್ದೇ ಔಷಧ ಹೊಡೆಯುವ ಕೆಲಸ ಶುರು. ಹೊಳೆವ್ವ ಆ ತೋಟದ ಕೂಲಿ. ಹಗಲೆಲ್ಲ ಅವಳ ಕುರಿಗಳನ್ನು ಮೈದುನನ ಹೆಂಡತಿ ತಾರವ್ವ ತನ್ನ ಕುರಿಗಳ ಜೊತೆ ಮೇಯಿಸುತ್ತಿದ್ದಳು.

ನೀಲಿ ಹರಳಿನ ಮೈಲುತುತ್ತವನ್ನು ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣದ ನೀರು ಬೆರೆಸಿ, ಕೋಲಿನಿಂದ ತಿರುವಬೇಕು. ಕೋಲು ಗಿಡ್ಡವಾದರೆ ಕೈಯೇ ಕೋಲು. ಹೊಳೆವ್ವನ ಉಗುರಿನ ಸಂದು, ಅಂಗೈಯ ಬಿರುಕು ಎಲ್ಲ ಹಸಿರುಗಟ್ಟಿದವು. ಎಷ್ಟು ಬೂದಿ ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಸಂಜೆ ಆಳುಗಳು ಪಂಪು ಇಳಿಸಿದ ಮೇಲೆ ಡ್ರಮ್ಮು ತೊಳೆದು ಆ ನೀರನ್ನು ಕಾಲುವೆಗೆ ಚೆಲ್ಲುವುದೂ ಅವಳದೇ ಕೆಲಸ. ಕಾಲುವೆ ಹಳ್ಳಕ್ಕೆ ಇಳಿಯುತ್ತಿತ್ತು. ಹೋದ ವರ್ಷವೂ ಹೀಗೇ ಚೆಲ್ಲಿದ್ದಳು. ಆಗ ಹಳ್ಳ ಹರಿಯುತ್ತಿತ್ತು, ಚೆಲ್ಲಿದ್ದು ಕಣ್ಣೆದುರೇ ಹರಿದು ಹೋಗುತ್ತಿತ್ತು. ಈಗ ಒಡ್ಡಿತ್ತು.

ಮೊದಲು ಸತ್ತದ್ದು ಮಲಕಾರಿಯ ಟಗರು. ಎರಡು ದಿನ ಮೇವು ಬಿಟ್ಟು ನಿಂತಿತು, ರಕ್ತದ ಬಣ್ಣದ ಉಚ್ಚೆ ಹೊಯ್ದಿತು, ಬಿದ್ದಿತು. ರೆಪ್ಪೆ ಎತ್ತಿ ನೋಡಿದ ಮಲಕಾರಿ ಹೌಹಾರಿ ಹಿಂದೆ ಸರಿದ. ಕಣ್ಣೊಳಗಿನ ಬಿಳುಪೆಲ್ಲ ಹಳದಿ. ಬಾಯಿ ತೆರೆಸಿದರೆ ವಸಡೂ ಹಳದಿ.

ಆಮೇಲೆ ಈ ಗುಡಿಸಲಲ್ಲಿ ಒಂದು, ಆ ಗುಡಿಸಲಲ್ಲಿ ಒಂದು. ಎಲ್ಲಕ್ಕೂ ಅದೇ ಹಳದಿ.

“ಭಂಡಾರ ಹತ್ತೇತಿ!” ಎಂದ ಕಾಡಸಿದ್ದ. ಸತ್ತ ಕುರಿಯ ಕಣ್ಣನ್ನು ಬೆರಳಿನಿಂದ ಅಗಲಿಸಿ ಎಲ್ಲರಿಗೂ ತೋರಿಸಿದ. “ನೋಡ್ರಲೇ ಸೂಳಿಮಕ್ಕಳ್ರ್ಯಾ, ನೋಡ್ರಿ! ಕಣ್ಣಾಗ ಬೀರಪ್ಪ ಭಂಡಾರ ತುಂಬ್ಯಾನ. ಯಾವನೋ ಒಡ್ಡಿನ ಕಲ್ಲ ಕಿತ್ತಾನ. ಯಾವನವಾ? ಬಾಯಿಬಿಡ್ರಿ!”

ಯಾರೂ ಕಿತ್ತಿರಲಿಲ್ಲ. ಆದರೂ ಒಬ್ಬರ ಮುಖ ಒಬ್ಬರು ನೋಡಿದರು. ಅರಿಷಿಣದ ಆಣೆ ಇಟ್ಟವರ ಕುರಿಗಳ ಕಣ್ಣಿನಲ್ಲಿ ಅರಿಷಿಣ ತುಂಬಿದರೆ ಬೇರೆ ಅರ್ಥ ಹುಡುಕುವವರು ಯಾರು? ಕುರಿ ಇಳಿಯುವಾಗ ಒಂದು ಕಲ್ಲು ಜಾರಿತ್ತೇ, ತಾನು ನೋಡಲಿಲ್ಲವೇ ಎಂದು ಮಲಕಾರಿಗೂ ಅಳುಕಾಯಿತು.

ಪೂಜಾರಿ ಪರಿಹಾರವನ್ನೂ ಹೇಳಿದ. ಒಡ್ಡಿನ ಮೇಲೆ ಇನ್ನೊಂದು ವರಸೆ ಕಲ್ಲು ಏರಿಸಬೇಕು. ಅದೇ ಒಡ್ಡಿನ ನೀರಿಗೆ ಭಂಡಾರ ಬೆರೆಸಿ, ತೀರ್ಥವೆಂದು ಪ್ರತಿ ಕುರಿಗೂ ಬಿದಿರಿನ ಗೊಟ್ಟದಲ್ಲಿ ಕುಡಿಸಬೇಕು. ಹಟ್ಟಿ ಹಾಗೇ ಮಾಡಿತು. ಒಡ್ಡು ಎತ್ತರವಾಯಿತು, ನೀರು ಇನ್ನಷ್ಟು ನಿಂತಿತು. ಕೊರಳು ಎತ್ತಿ ಹಿಡಿದು ಗೊಟ್ಟ ತುರುಕಿ ಕುರಿಗಳಿಗೆ ಕುಡಿಸಿದರು. ಕುರಿಗಳು ಸಾಯುವುದು ಹೆಚ್ಚಾಯಿತು.

*

ಒಂದು ಮಧ್ಯಾಹ್ನ ಹೊಳೆವ್ವ ಒಡ್ಡಿನ ಮೇಲೆ ತನ್ನ ಕಲ್ಲನ್ನು ಹುಡುಕಿದಳು. ನೀರಿಗೆ ತಾಗುವ ಮಟ್ಟದಲ್ಲಿ ಅದರ ಸುತ್ತ ಹಸಿರು ಪೊರೆ ಕಟ್ಟಿತ್ತು. ಪಾಚಿಯಿರಬೇಕೆಂದು ಕೆರೆದಳು. ಪಾಚಿಯಲ್ಲ. ಒಣ ಪುಡಿ ಉದುರಿತು. ತನ್ನ ಅಂಗೈ ನೋಡಿಕೊಂಡಳು. ಅದೇ ಬಣ್ಣ.

ಗಂಡ ಗಂಗಾರಾಮ ನೆನಪಾದ. ಕುರಿಗಳ ಗೊರಸು ಕೊಳೆತಾಗ ಅವನು ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸುತ್ತಿದ್ದ. ಒಮ್ಮೆ ಪರಾತದಲ್ಲಿ ಉಳಿದದ್ದನ್ನು ಒಂದು ಮರಿ ನೆಕ್ಕಿ ಸತ್ತಿತ್ತು. ಅದರ ಕಣ್ಣೂ ಹೀಗೇ ಹಳದಿಯಾಗಿತ್ತು. ಆಗ ಯಾರೂ ಆಣೆ ಮಾಡಿರಲಿಲ್ಲ, ಯಾವ ದೇವರಿಗೂ ಸಿಟ್ಟು ಬಂದಿರಲಿಲ್ಲ.

ಅವಳನ್ನು ಎಲ್ಲಕ್ಕಿಂತ ಸುಟ್ಟದ್ದು ಒಂದೇ ಮಾತು: ಆ ಡ್ರಮ್ಮು ತೊಳೆದು ಚೆಲ್ಲಿದವಳು ನಾನೇ.

ಮಲಕಾರಿಗೆ ಹೇಳಿದಳು.

“ಹಂಗ ಇರಬಹುದು ವೈನಿ,” ಎಂದ ಅವನು. “ಇದ್ರೂ ಏನ್ ಮಾಡೂನು ಹೇಳು. ಕಲ್ಲ ಅಳ್ಳಾಡಿಸಂಗಿಲ್ಲ. ಹೊಳಿಗೆ ಕುರಿ ಹೊಡಕೊಂಡ ಹೋಗೂನಂದ್ರ ನಡಬರಕ ಬರೇ ಕಬ್ಬ, ಒಬ್ಬರೂ ದಾರಿ ಬಿಡಂಗಿಲ್ಲ. ಮೊನ್ನಿ ಹ್ವಾದಾಗ ನಾಯಿ ಬಿಟ್ರು. ಊರ ಬಿಟ್ಟ ಹೋಗೂನಂದ್ರ ಕಬ್ಬ ಕಡ್ಯಾಕ ಇನ್ನೂ ಟೈಮ ಐತಿ, ಎಲ್ಲಿ ಹೋದ್ರೂ ಮೇವಿಲ್ಲ.”

“ಸಾವ್ಕಾರಗ ಕೇಳೂನು.”

“ನೀ ಕೇಳು. ನಾ ಬರಂಗಿಲ್ಲ. ಬಂದ್ರ ನಾಳೆ ವಾಡಿ ಮೇಸಾಕ ಬಿಡಂಗಿಲ್ಲ ಅಂವ. ಉಳದ ನಾಕ ಕುರೀನೂ ಉಪಾಸ ಸಾಯತಾವ.”

ತಾರವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಬಸುರಿ ಹೆಂಗಸು, ಒಡ್ಡಿನ ಬದಿಯ ವರತೆಯ ನೀರನ್ನೇ ಕುಡಿಯುವವಳು. ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಒಮ್ಮೆ ನೋಡಿ, ಬಾಯಿಗೆ ಒಯ್ಯದೆ, ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ಅದನ್ನೇ ಕುಡಿದಳು. ಬೇರೆ ನೀರು ಇರಲಿಲ್ಲ.

*

ಸಾವುಕಾರನ ಅಂಗಳದಲ್ಲಿ ಹೊಳೆವ್ವ ಚಪ್ಪಲಿ ಕಳಚಿ ನಿಂತಳು. ಅವನು ಕಟ್ಟೆಯ ಮೇಲೆ ಮೈಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

“ಯಪ್ಪಾ, ಡ್ರಮ್ಮ ತೊಳದ ನೀರ ಹಳ್ಳಕ್ಕ ಬಿಡಬ್ಯಾಡ್ರಿ. ಕುರಿ ಸಾಯಾಕತ್ತಾವು. ಬೇಕಾದ್ರ ತೋಟದ ಮೂಲ್ಯಾಗ ಗುಂಡಿ ತಗೀತೇನಿ, ನಾನ ತಗೀತೇನಿ, ಅದ್ರಾಗ ಚೆಲ್ಲತೇನಿ.”

“ಗುಂಡಿ ತಗೀತಿ? ಬಾವಿ ಬಾಜೂಕ? ನನ್ನ ತೋಟದಾಗ?” ಅವನಿಗೆ ನಗು ಬಂತು. “ಏ ಶಿವಗಂಗಾ, ಕೇಳಿದೇನ! ಕುರಿ ಕಾಯಾಕಿ ನನಗ ದ್ರಾಕ್ಷಿ ಮಾಡೂದ ಹೇಳಾಕ ಬಂದಾಳ.”

ಒಳಗಿಂದ ಅವನ ಹೆಂಡತಿ ಶಿವಗಂಗವ್ವ ಹೊರಗೆ ಬಂದು ನೋಡಿ ಒಳಗೆ ಹೋದಳು. ಅವಳ ಕೈಯಲ್ಲಿ ತಾಮ್ರದ ಕೊಡವಿತ್ತು. ಆ ಮನೆಯ ನೀರು ಕೃಷ್ಣೆಯಿಂದ ಪೈಪಿನಲ್ಲಿ ಬರುತ್ತಿತ್ತು.

“ಅದು ಔಷಧ ಬೇ,” ಎಂದ ಸಾವುಕಾರ. “ಹೊಲಸಲ್ಲ. ಹೊಲಸ ಮಾಡಾವ್ರು ನೀವು. ನಿಮ್ಮ ಕುರಿ ಹಿಕ್ಕಿ, ನಿಮ್ಮ ಕುಂಡಿ ತೊಳದ ನೀರು. ಹಳ್ಳ ನೆಟ್ಟಗಿರಲೆಂತನ ಮಂಡಳ ಮಾಡಿದ್ದ. ಬರೂ ಸೋಮವಾರ ಸಾಹೇಬ್ರು ಬರಾಕತ್ತಾರ, ನಮ್ಮ ಒಡ್ಡಿಗೆ ಬಹುಮಾನ ಕೊಡಾಕ. ಅವತ್ತ ನಿನ್ನ ಈ ರಾಗ ಎಲ್ಯಾರ ಕೇಳಿಸ್ತಂದ್ರ ಹಟ್ಟಿ ಕೀಳಸ್ತೇನಿ. ತಿಳೀತೇನ? ಹೋಗು. ಅವತ್ತ ಮುಂಜಾನೆ ಬಾ, ಪಾವಣ್ಯಾರಿಗೆ ಸರಬತ್ತ ಮಾಡಾಕ ಇಲ್ಲಿಂದ ನೀರ ಹೊರಬೇಕು.”

ಅವಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟಳು. ಹಿಂದಿನಿಂದ, ಅವಳು ನಿಂತಿದ್ದ ಜಾಗಕ್ಕೆ ಯಾರೋ ಬಕೆಟ್ಟಿನಿಂದ ನೀರು ಹೊಯ್ದ ಸಪ್ಪಳ ಕೇಳಿಸಿತು. ಒಳ್ಳೆಯ ನೀರು.

*

ಸೋಮವಾರ ಬೆಳಿಗ್ಗೆ ಹೊಳೆವ್ವನ ಚಂದ್ರಿ ಏಳಲಿಲ್ಲ. ಮರಿಯಾಗಿದ್ದಾಗ ತವರಿನಿಂದ ಬಂದ ಕುರಿ ಅದು, ಅವಳ ಮಂದೆಯೆಲ್ಲ ಅದರ ಹೊಟ್ಟೆಯಲ್ಲಿ ಹುಟ್ಟಿದ್ದು. ರೆಪ್ಪೆ ಎತ್ತುವ ಧೈರ್ಯವಾಗಲಿಲ್ಲ. ತಲೆ ನೇವರಿಸಿ, ಅದರ ಮುಂದೆ ಒಂದು ಹಿಡಿ ಜಾಲಿಕಾಯಿ ಇಟ್ಟು, ಸಾವುಕಾರನ ಮನೆಗೆ ನೀರು ಹೊರಲು ಹೋದಳು. ಹೋಗದಿದ್ದರೆ ಆಗುತ್ತಿರಲಿಲ್ಲ.

ಒಡ್ಡಿನ ದಂಡೆಯ ಮೇಲೆ ಶಾಮಿಯಾನ ಹಾಕಿದ್ದರು. ಮೈಕು, ಹೂವಿನ ಹಾರ, ಬಣ್ಣದ ಬೋರ್ಡು. ಮೇಜಿನ ಮಗ್ಗುಲಿಗೆ ಕಾಡಸಿದ್ದ ಭಂಡಾರದ ತಟ್ಟೆ ಹಿಡಿದು ನಿಂತಿದ್ದ. ಹಟ್ಟಿಯ ಗಂಡಸರಿಗೆ ತೊಳೆದ ಪಟಕ ಸುತ್ತಿ ಬರಲು ಹೇಳಿದ್ದರು. ಸುತ್ತಿ ಬಂದು ಬಿಸಿಲಿನಲ್ಲಿ ಸಾಲಾಗಿ ಕೂತಿದ್ದರು. ಹೊಳೆವ್ವ ನದಿಯ ನೀರಿನ ಕೊಡಗಳನ್ನು ಹೊತ್ತು ತಂದು ಸರಬತ್ತಿನ ಹಂಡೆಗೆ ಸುರಿಯುತ್ತಿದ್ದಳು. ಕೈಯಳತೆಯಲ್ಲಿ ಒಡ್ಡಿನ ನೀರು ಬೇಕಾದಷ್ಟಿತ್ತು.

ಸಾಹೇಬ ಸರಬತ್ತು ಕುಡಿದು, ನಿಂತ ನೀರನ್ನು ನೋಡಿ, “ಎಷ್ಟು ಸ್ವಚ್ಛವಾಗಿದೆ!” ಎಂದ. ಸಾವುಕಾರ ಮೈಕು ಹಿಡಿದ.

“ಇದು ನಮ್ಮ ಕುರಬರ ಪುಣ್ಯದ ಕೆಲಸರೀ ಸಾಹೇಬ್ರ. ಯಾರೂ ಬಲವಂತ ಮಾಡಿಲ್ಲ. ಈ ಹಟ್ಟೀ ಒಂದೊಂದ ಮನೀನೂ ಭಂಡಾರ ಮುಟ್ಟಿ ಆಣಿ ಮಾಡೇತಿ, ಒಂದ ಕಲ್ಲೂ ಅಳ್ಳಾಡಂಗಿಲ್ಲಂತ. ಒಂದ ಮನೀನೂ ಬಿಟ್ಟಿಲ್ಲ!”

ಹೊಳೆವ್ವನ ತಲೆಯ ಮೇಲೆ ಕೊಡವಿತ್ತು. ಅವಳು ಹಾಗೇ ನಿಂತಳು. ಮಣಿಕಟ್ಟಿನ ಮೇಲೆ ಬೆತ್ತ ಬಿದ್ದ ಜಾಗ ನೆನಪಾಯಿತು. ಒಂದೊಂದು ಮನೆಯೂ ಅಂದನಲ್ಲ? ನನ್ನದು?

ಕೊಡವನ್ನು ನೆಲಕ್ಕಿಟ್ಟು ಸೀರೆಯ ನಿರಿಗೆಯನ್ನು ಕಚ್ಚೆ ಕಟ್ಟಿದಳು. ಶಾಮಿಯಾನದ ಮುಂದೆಯೇ ಹಾದು ದಂಡೆಯಿಂದ ಇಳಿದು ಒಡ್ಡಿನ ಮೇಲೆ ನಡೆದಳು. ಏನೋ ಕೆಲಸಕ್ಕೆ ಹೊರಟಿದ್ದಾಳೆಂದು ಯಾರೂ ಗಮನಿಸಲಿಲ್ಲ. ಒಡ್ಡಿನ ನಡುವೆ ಕೂತು, ಎರಡೂ ಕೈಯಲ್ಲಿ ಮೇಲಿನ ಕಲ್ಲನ್ನು ಹಿಡಿದು ಅಲುಗಿಸಿ ಕಿತ್ತು ಕೆಳಗೆ ಉರುಳಿಸಿದಳು. ಮೈಕಿನ ಮಾತು ನಿಂತಿತು. ಇನ್ನೊಂದು ಕಲ್ಲು. ಇನ್ನೊಂದು.

“ಏ! ಏ ರಂಡೀ! ಏನ್ ಮಾಡಾಕತ್ತಿ?” ಸಾವುಕಾರ ಒದರಿದ.

“ಕಲ್ಲ ಕೀಳಾಕತ್ತೇನ್ರಿ.”

“ಆಣಿ ಐತಿ! ಆಣಿ ಮಾಡೀರಿ!”

“ಅವರು ಮಾಡ್ಯಾರ್ರಿ. ನಾ ಮಾಡಿಲ್ಲ. ನನ್ನ ಕೈ ಬ್ಯಾಡಂದ್ರೆಲ್ಲ. ನನ್ನ ಮನಿ ಇಲ್ಲಂತ ನೀವ ಅಂದ್ರಿ.” ತಾನು ಹೊತ್ತ ಕಲ್ಲು ಸಿಕ್ಕಿತು. ಅದರ ಹಸಿರು ಪೊರೆಯನ್ನು ಮೇಲಕ್ಕೆ ಮಾಡಿ ಎತ್ತಿ ಸಾಹೇಬನ ಕಡೆ ತೋರಿಸಿದಳು. “ಇದ ನೋಡ್ರಿ ಸಾಹೇಬ್ರ, ತೋಟದ ಮೈಲುತುತ್ತ. ನಾನ ತೊಳದ ಬಿಟ್ಟೇನಿ. ಇದ ಕುಡದ ನಮ್ಮ ಕುರಿ ಸಾಯಾಕತ್ತಾವು.” ಕಲ್ಲು ಉರುಳಿತು. ನೀರು ಸಂದಿಯನ್ನು ಹುಡುಕಿಕೊಂಡು ನುಗ್ಗಿತು.

ಸಾಹೇಬ ಕೈಗಡಿಯಾರ ನೋಡಿಕೊಂಡ. ಸಾವುಕಾರ ಹಟ್ಟಿಯವರ ಕಡೆ ತಿರುಗಿ ಅರಚಿದ: “ನೋಡ್ತೀರೇನಲೇ ಹಲ್ಕಟ್ ನನ್ನಮಕ್ಕಳ್ರ್ಯಾ! ಎಳದ ಹಾಕ್ರಿ ಆಕೀನ! ಬಿದ್ದ ಕಲ್ಲ ತಿರಗಿ ಏರಸ್ರಿ!”

ಯಾರೂ ಏಳಲಿಲ್ಲ. ಆಮೇಲೆ ಮಲಕಾರಿಯೊಬ್ಬ ಎದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಹೆಂಗ ಏರಸೂನ್ರಿ ಸಾವ್ಕಾರ್ರ? ಒಡ್ಡಿನ ಕಲ್ಲ ನಮ್ಮ ಕೈಲೆ ಅಳ್ಳಾಡಂಗಿಲ್ಲಂತ ಭಂಡಾರ ಮುಟ್ಟೇವಿ. ಬಿದ್ದಿದ್ದ ಎತ್ತಿದ್ರೂ ಅಳ್ಳಾಡಿಸಿದಂಗ ಆತಲ್ರಿ. ನಮ್ಮ ವಂಶ ಹಾಳಾಗತೈತಿ.”

ಅದು ಹೆದರಿಕೆಯ ಮಾತೋ ಎದುರು ಮಾತೋ ಅವನಿಗೇ ತಿಳಿಯಲಿಲ್ಲ. ಮಿಕ್ಕವರೂ ಒಬ್ಬೊಬ್ಬರಾಗಿ ಕೈಗಳನ್ನು ಬೆನ್ನ ಹಿಂದೆ ಒಯ್ದರು.

“ಪೊಲೀಸರನ್ನ ಕರೀರಿ!” ಎಂದ ಸಾವುಕಾರ. ಮೋಟರ್ ಸೈಕಲ್ಲೊಂದು ಹತ್ತಿರದ ಠಾಣೆಯ ಕಡೆ ಓಡಿತು. ತೋಟದ ಆಳುಗಳಿಬ್ಬರು ದಂಡೆಯಿಂದ ಇಳಿಯತೊಡಗಿದರು. “ಹಾಳಾಗಿ ಹೋಗತಿ ಮುಂಡೀ!” ಎಂದು ಕಾಡಸಿದ್ದ ಮೇಲಿನಿಂದಲೇ ಶಾಪ ಹಾಕಿದ. “ಬೀರಪ್ಪ ನಿನ್ನ ಕಣ್ಣಾಗೂ ಭಂಡಾರ ತುಂಬತಾನ!”

ಹೊಳೆವ್ವ ಕೆಲಸ ನಿಲ್ಲಿಸಿದಳು. ಎದ್ದು, ಆಳುಗಳ ನಡುವೆಯೇ ನುಗ್ಗಿ, ದಂಡೆ ಹತ್ತಿ ಬಂದಳು. ತಪ್ಪಾಯಿತು ಎಂದು ಕಾಲಿಗೆ ಬೀಳುತ್ತಾಳೆಂದು ಸಾವುಕಾರ ಕಾಲು ಮುಂದೆ ಮಾಡಿ ನಿಂತ. ಅವಳು ಅವನನ್ನು ದಾಟಿ ಪೂಜಾರಿಯ ಮುಂದೆ ಹೋದಳು. ಒದ್ದೆಯಾಗಿದ್ದ, ಬಿರುಕುಗಳಲ್ಲಿ ಹಸಿರುಗಟ್ಟಿದ್ದ ಎರಡೂ ಕೈಗಳನ್ನು ಮಣಿಕಟ್ಟಿನ ತನಕ ಭಂಡಾರದ ತಟ್ಟೆಯಲ್ಲಿ ಊರಿದಳು. ಕಾಡಸಿದ್ದನ ಬೆತ್ತ ಎದ್ದಿತು. ಅವಳು ಅವನ ಮುಖವನ್ನೇ ನೋಡಿದಳು. ಬೆತ್ತ ಎದ್ದಲ್ಲೇ ಉಳಿಯಿತು.

“ಈಗ ಕೇಳ್ರಿ ನನ್ನ ಆಣಿ,” ಎಂದಳು. ಮೈಕು ಹತ್ತಿರದಲ್ಲೇ ಇತ್ತು. ಅವಳ ಮಾತು ಹಳ್ಳದ ಆಚೆ ದಂಡೆಗೂ ಕೇಳಿಸಿತು. “ಈ ಒಡ್ಡಿನಾಗ ಒಂದ ಕಲ್ಲೂ ನಾ ಉಳಸಂಗಿಲ್ಲ. ಉಳಿಸಿದ್ರ ನನ್ನ ಕುರಿ ಸಾಯಲಿ.”

ಕೊನೆಯ ಮಾತಿಗೆ ಅವಳು ಹಟ್ಟಿಯ ಕಡೆ ನೋಡಿದಳು. ಚಂದ್ರಿ ಇಷ್ಟು ಹೊತ್ತಿಗೆ ಸತ್ತಿರಬೇಕು. ತಟ್ಟೆಯಿಂದ ಕೈ ಎತ್ತಿ ಮತ್ತೆ ಒಡ್ಡಿಗೆ ಇಳಿದಳು. ದಂಡೆಯ ಮೇಲಿನ ಹೆಂಗಸರ ಗುಂಪಿನಲ್ಲಿ ತಾರವ್ವ ಎದ್ದು ನಿಂತು ಗಂಡನ ಮುಖ ನೋಡಿದಳು. ಅವಳ ಕೈಯನ್ನೂ ಯಾರೂ ಆಣೆಗೆ ಕೇಳಿರಲಿಲ್ಲ. ಮಲಕಾರಿ ನೆಲ ನೋಡುತ್ತ ನಿಂತ.

ಆಳುಗಳು ಹೊಳೆವ್ವನ ಒಂದು ರಟ್ಟೆ ಹಿಡಿದರು. ಇನ್ನೊಂದು ಕೈ ನೀರಿನೊಳಗೆ ಮುಂದಿನ ಕಲ್ಲನ್ನು ಹಿಡಿದಿತ್ತು, ಅರಿಷಿಣ ತೊಳೆದು ಹೋಗುತ್ತಿತ್ತು. ದೂರದಲ್ಲಿ ಪೊಲೀಸರ ಜೀಪಿನ ಸಪ್ಪಳ ಕೇಳಿಸಿತು. ತಾರವ್ವ ಸೆರಗು ಬಿಗಿದು, ಹೊಟ್ಟೆಗೆ ಒಂದು ಕೈ ಆನಿಸಿಕೊಂಡು, ಲಾವಂಚದ ಹುಲ್ಲು ಹಿಡಿದು ದಂಡೆ ಇಳಿಯತೊಡಗಿದಳು.